ಸಹಕಾರ ಬ್ಯಾಂಕ್ ಹಗರಣ: ಆರೋಪಿಗೆ ಜಾಮೀನು ಸಿಕ್ಕಾಗ ಠೇವಣಿದಾರರು ಕೇಳಬೇಕಾದ ಪ್ರಶ್ನೆಗಳು

ಕೇರಳದ ತ್ರಿಶ್ಶೂರು ಜಿಲ್ಲೆಯ ಕರುವನ್ನೂರು ಸರ್ವೀಸ್ ಸಹಕಾರ ಬ್ಯಾಂಕಿನ ಹಗರಣ ಬಯಲಾದದ್ದು 2021ರಲ್ಲಿ. ಮರುವರ್ಷ ಜುಲೈ ತಿಂಗಳಲ್ಲಿ ಆ ಬ್ಯಾಂಕಿನ ಠೇವಣಿದಾರರಾಗಿದ್ದ ವಯಸ್ಸಾದ ಮಹಿಳೆಯೊಬ್ಬರು ತೀರಿಕೊಂಡಾಗ, ಮನೆಯವರು ಶವವನ್ನು ತಂದು ಬ್ಯಾಂಕಿನ ಮುಂದೆಯೇ ಇಟ್ಟರು. ಚಿಕಿತ್ಸೆಗೆಂದು ತಮ್ಮದೇ ಹಣವನ್ನು ಕೇಳಿದರೂ ಬ್ಯಾಂಕು ಕೊಡಲಿಲ್ಲ ಎಂಬುದು ಅವರ ಅಳಲಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ಕೆಲವರನ್ನು ಬಂಧಿಸಿತು. 2024ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಅವರಲ್ಲಿ ಇಬ್ಬರಿಗೆ ಜಾಮೀನು ಕೊಟ್ಟಿತು. ಒಬ್ಬರು ಬ್ಯಾಂಕಿನ ಮಾಜಿ ಅಕೌಂಟೆಂಟ್, ಇನ್ನೊಬ್ಬರು ಸ್ಥಳೀಯ ರಾಜಕಾರಣಿ. ಅಷ್ಟು ಹೊತ್ತಿಗೆ ಅವರು ಸುಮಾರು 14 ತಿಂಗಳು ಜೈಲಿನಲ್ಲಿ ಕಳೆದಿದ್ದರು, ವಿಚಾರಣೆ ಇನ್ನೂ ಶುರುವಾಗಿರಲಿಲ್ಲ.

ಶವವನ್ನು ಬ್ಯಾಂಕಿನ ಮುಂದೆ ಇಟ್ಟ ಕುಟುಂಬದವರಿಗೆ ಈ ಜಾಮೀನು ಹೇಗೆ ಕಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ರಾಜ್ಯದಲ್ಲೂ ಪತ್ತಿನ ಸಂಘದ ಕಾರ್ಯದರ್ಶಿಗೋ ಸೌಹಾರ್ದ ಸಹಕಾರಿಯ ಅಧ್ಯಕ್ಷರಿಗೋ ‘ಷರತ್ತುಬದ್ಧ ಜಾಮೀನು ಮಂಜೂರು’ ಎಂಬ ಸುದ್ದಿ ಬಂದ ದಿನ ಠೇವಣಿದಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯುವುದು ಒಂದೇ ಮಾತು: ದುಡ್ಡಿದ್ದವರಿಗೆ ಒಂದು ಕಾನೂನು, ನಮಗೆ ಇನ್ನೊಂದು. ಆ ಸಿಟ್ಟಿಗೆ ಕಾರಣವಿದೆ. ಆದರೆ ಅದು ನ್ಯಾಯಾಲಯದ ಆದೇಶದ ಮೇಲೆ ತಿರುಗಿದಾಗ ನಿಜವಾಗಿ ಉತ್ತರ ಹೇಳಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಸಹಕಾರ ಬ್ಯಾಂಕಿನ ಹಣ ದುರುಪಯೋಗದ ಪ್ರಕರಣದಲ್ಲಿ ಜಾಮೀನು ಸಿಗುವುದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ತನಿಖಾಧಿಕಾರಿಯ ಕಡತದಲ್ಲಿ. ಠೇವಣಿದಾರರ ಹಣ ಮರಳುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆಸ್ತಿ ಜಪ್ತಿಯ ದಿನಾಂಕದಲ್ಲಿ. ಆರೋಪಿ ಜೈಲಿನೊಳಗಿದ್ದಾನೆಯೇ ಹೊರಗಿದ್ದಾನೆಯೇ ಎಂಬುದು ಇವೆರಡರ ನಂತರದ ಪ್ರಶ್ನೆ.

ಮೊದಲು ಕಾನೂನಿನ ನಿಲುವನ್ನು ನೋಡೋಣ. ಜಾಮೀನಿನ ಹಂತದಲ್ಲಿ ನ್ಯಾಯಾಲಯ ಆರೋಪಿಯ ಅಪರಾಧವನ್ನು ಅಳೆದು ತೀರ್ಪು ಕೊಡುವುದಿಲ್ಲ. ಈತ ವಿಚಾರಣೆಗೆ ಹಾಜರಾಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ದಾಖಲೆ ತಿದ್ದುತ್ತಾನೆಯೇ, ಇದೇ ಕೆಲಸವನ್ನು ಮತ್ತೆ ಮಾಡುತ್ತಾನೆಯೇ ಎಂದು ನೋಡುತ್ತದೆ. ಆರೋಪದ ತೀವ್ರತೆಯನ್ನೂ ಮೇಲುನೋಟದ ಸಾಕ್ಷ್ಯವನ್ನೂ ಗಮನಿಸುತ್ತದೆ. ಜಾಮೀನು ನಿಯಮ, ಜೈಲು ಅಪವಾದ ಎಂಬ ಮಾತು 1977ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಕಾಲದಿಂದ ಸುಪ್ರೀಂ ಕೋರ್ಟಿನಲ್ಲಿ ನಿಂತಿದೆ. ಆರ್ಥಿಕ ಅಪರಾಧಗಳ ವಿಷಯಕ್ಕೆ ಬಂದಾಗ ಮಾತ್ರ ಅದೇ ಕೋರ್ಟಿನಲ್ಲಿ ಎರಡು ಧಾರೆಗಳು ಹರಿದಿವೆ. 2ಜಿ ಪ್ರಕರಣದ ಸಂಜಯ್ ಚಂದ್ರ ತೀರ್ಪಿನಲ್ಲಿ, 2011ರಲ್ಲಿ, ಜಾಮೀನು ನಿರಾಕರಣೆಯನ್ನು ಶಿಕ್ಷೆಯ ರೂಪದಲ್ಲಿ ಬಳಸಬಾರದು ಎಂದು ಕೋರ್ಟ್ ಸ್ಪಷ್ಟಪಡಿಸಿತು. ಎರಡೇ ವರ್ಷಕ್ಕೆ, 2013ರ ವೈ.ಎಸ್. ಜಗನ್‌ಮೋಹನ ರೆಡ್ಡಿ ಪ್ರಕರಣದಲ್ಲಿ, ಆರ್ಥಿಕ ಅಪರಾಧಗಳದ್ದು ಬೇರೆಯದೇ ವರ್ಗ, ಅವುಗಳಲ್ಲಿ ಜಾಮೀನನ್ನು ಬೇರೆ ದೃಷ್ಟಿಯಿಂದ ನೋಡಬೇಕು ಎಂದಿತು. 2019ರ ಡಿಸೆಂಬರ್‌ನಲ್ಲಿ ಪಿ. ಚಿದಂಬರಂ ಅವರಿಗೆ ಜಾಮೀನು ಕೊಡುವಾಗ ಎರಡನ್ನೂ ಜೋಡಿಸಿತು: ಆರ್ಥಿಕ ಅಪರಾಧವಾದರೂ ಮೂಲ ನಿಯಮ ಜಾಮೀನೇ, ಅಪರಾಧದ ತೀವ್ರತೆಯನ್ನು ಆಯಾ ಪ್ರಕರಣದ ಸಂಗತಿಗಳಿಂದ ತೂಗಬೇಕು.

ವಕೀಲರು ಎರಡೂ ಕಡೆಯ ತೀರ್ಪುಗಳನ್ನು ಹಿಡಿದು ವಾದಿಸುತ್ತಾರೆ. ಹಾಗಾಗಿ ಫಲಿತಾಂಶವನ್ನು ನಿರ್ಧರಿಸುವುದು ತೀರ್ಪುಗಳಿಗಿಂತ ಹೆಚ್ಚಾಗಿ ಆ ದಿನ ನ್ಯಾಯಾಧೀಶರ ಮೇಜಿನ ಮೇಲಿರುವ ಕಾಗದ. ಆ ಕಾಗದ ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬೇಕು.

ಸಣ್ಣ ಊರಿನ ಸಹಕಾರ ಬ್ಯಾಂಕಿನಲ್ಲಿ ನಿವೃತ್ತ ಶಿಕ್ಷಕರೊಬ್ಬರು ಗ್ರಾಚ್ಯುಟಿಯಲ್ಲಿ ಬಂದ 6 ಲಕ್ಷ ರೂಪಾಯಿ ಠೇವಣಿ ಇಡುತ್ತಾರೆ ಎಂದುಕೊಳ್ಳಿ. ಕೌಂಟರಿನಲ್ಲಿ ಹಣ ಎಣಿಸಿ ತೆಗೆದುಕೊಳ್ಳುತ್ತಾರೆ. ಕ್ರಮಸಂಖ್ಯೆ ಇರುವ ಠೇವಣಿ ಪತ್ರ ಬರೆದು, ವ್ಯವಸ್ಥಾಪಕರು ಸಹಿ ಹಾಕಿ, ಬ್ಯಾಂಕಿನ ಸೀಲು ಒತ್ತಿ ಕೊಡುತ್ತಾರೆ. ಶಿಕ್ಷಕರು ಅದನ್ನು ಮನೆಯ ಬೀರುವಿನಲ್ಲಿ ಜೋಪಾನವಾಗಿ ಇಡುತ್ತಾರೆ. ಆದರೆ ಆ ಸಂಖ್ಯೆ ಕಂಪ್ಯೂಟರಿನ ಲೆಡ್ಜರ್‌ನಲ್ಲಿ ಇಲ್ಲ. ದಿನವಹಿಯಲ್ಲಿ ಆ ದಿನ ಆ ಜಮೆ ಇಲ್ಲ. ಹಣ ಲೆಕ್ಕಕ್ಕೇ ಬಂದಿಲ್ಲವಾದ್ದರಿಂದ ಸಂಜೆ ನಗದು ಶಿಲ್ಕು ಪೈಸೆಗೆ ಪೈಸೆ ತಾಳೆಯಾಗುತ್ತದೆ. ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅವರು ನೋಡುವುದು ಪುಸ್ತಕದಲ್ಲಿ ಇರುವುದನ್ನು. ಮೂರು ತಿಂಗಳಿಗೊಮ್ಮೆ ಶಿಕ್ಷಕರ ಉಳಿತಾಯ ಖಾತೆಗೆ ಬಡ್ಡಿಯೂ ಬರುತ್ತಿರುತ್ತದೆ. ಅದು ಬೇರೆ ಯಾರದೋ ಹೊಸ ಠೇವಣಿಯಿಂದ ತೆಗೆದುಕೊಟ್ಟ ಹಣ.

ಇದು ಬಯಲಾದ ದಿನ ಪೊಲೀಸರಿಗೆ ಬೇಕಾದದ್ದು ಠೇವಣಿ ಪತ್ರಗಳ ಪುಸ್ತಕದ ಪ್ರತಿಭಾಗಗಳು, ಮುದ್ರಣಾಲಯಕ್ಕೆ ಕೊಟ್ಟ ಬೇಡಿಕೆ ಪತ್ರ, ಯಾವ ಸಿಬ್ಬಂದಿಯ ಪಾಸ್‌ವರ್ಡ್‌ನಿಂದ ಯಾವ ಗಂಟೆಗೆ ಯಾವ ನಮೂದು ಆಯಿತೆಂಬ ಕಂಪ್ಯೂಟರ್ ದಾಖಲೆ, ವೋಚರ್‌ಗಳು, ಸಹಿಯ ಮಾದರಿಗಳು. ಇವನ್ನು ಮೊದಲ ವಾರದಲ್ಲಿ ವಶಪಡಿಸಿಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದರೆ ಪ್ರಕರಣ ಗಟ್ಟಿ. ಎಷ್ಟೋ ಕಡೆ ಆಗುವುದು ಬೇರೆಯೇ. ಆರೋಪಿಯನ್ನು ಬಂಧಿಸಿ, ಫೋಟೊ ಬಿಡುಗಡೆ ಮಾಡಿ, ದಾಖಲೆಗಳನ್ನು ‘ಹಾಜರುಪಡಿಸುವಂತೆ’ ಅದೇ ಬ್ಯಾಂಕಿನ ಆಡಳಿತಕ್ಕೆ ನೋಟಿಸು ಕೊಡುತ್ತಾರೆ. ಆ ಆಡಳಿತದಲ್ಲಿ ಆರೋಪಿಯ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರೇ ಇರುತ್ತಾರೆ.

ಇನ್ನು ಎಫ್‌ಐಆರ್‌ನಲ್ಲಿ ಹಾಕುವ ಸೆಕ್ಷನ್. ಇದು ಸಾಮಾನ್ಯ ಓದುಗರಿಗೆ ಕಾಣದ, ಆದರೆ ಎಲ್ಲವನ್ನೂ ಬದಲಿಸುವ ಜಾಗ. ಗುಮಾಸ್ತ ಅಥವಾ ನೌಕರ ಮಾಡಿದ ನಂಬಿಕೆ ದ್ರೋಹಕ್ಕೆ ಹಳೆಯ ಐಪಿಸಿಯಲ್ಲಿ ಸೆಕ್ಷನ್ 408, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 316(4). ಗರಿಷ್ಠ ಶಿಕ್ಷೆ 7 ವರ್ಷ. ಸಾರ್ವಜನಿಕ ನೌಕರ, ಬ್ಯಾಂಕರ್ ಅಥವಾ ಏಜೆಂಟ್ ಮಾಡಿದ ನಂಬಿಕೆ ದ್ರೋಹಕ್ಕೆ ಹಳೆಯ 409, ಈಗಿನ 316(5). ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಮೌಲ್ಯದ ಪತ್ರಗಳ ನಕಲು ಸೃಷ್ಟಿಗೆ ಹಳೆಯ 467, ಈಗಿನ 338; ಅಲ್ಲಿಯೂ ಜೀವಾವಧಿ ಸಾಧ್ಯ. ಕೃತ್ಯ 2024ರ ಜುಲೈ 1ಕ್ಕಿಂತ ಮೊದಲು ನಡೆದಿದ್ದರೆ ಐಪಿಸಿಯ ಸೆಕ್ಷನ್‌ಗಳೇ ಅನ್ವಯವಾಗುತ್ತವೆ.

ವ್ಯತ್ಯಾಸ ಎಲ್ಲಿ ಬಡಿಯುತ್ತದೆ ನೋಡಿ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪ ಮಾತ್ರ ಇದ್ದರೆ, 2014ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ ಬಂಧನವೇ ಅನಿವಾರ್ಯವಲ್ಲ; ಮೊದಲು ನೋಟಿಸು, ಬಂಧಿಸಿದರೆ ಕಾರಣ ಬರೆಯಬೇಕು. ದೋಷಾರೋಪ ಪಟ್ಟಿ ಸಲ್ಲಿಸಲು 60 ದಿನ. 409 ಅಥವಾ 467 ಸೇರಿದರೆ 90 ದಿನ. ಮ್ಯಾಜಿಸ್ಟ್ರೇಟರು ಜೀವಾವಧಿ ಶಿಕ್ಷೆಯ ಸೆಕ್ಷನ್ ಕಂಡರೆ ಸಾಮಾನ್ಯವಾಗಿ ಜಾಮೀನು ಕೊಡಲು ಹೋಗುವುದಿಲ್ಲ, ಅರ್ಜಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಇನ್ನೊಂದು ಬದಲಾವಣೆ ಹೆಚ್ಚು ಚರ್ಚೆಯಾಗಿಲ್ಲ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ವಿಚಾರಣಾಧೀನ ಕೈದಿಯಾಗಿ ಕಳೆದವರಿಗೆ ಬಿಡುಗಡೆಯ ಅವಕಾಶ ಕೊಡುತ್ತಿದ್ದ ಹಳೆಯ ಸಿಆರ್‌ಪಿಸಿ 436ಎ, ಮರಣದಂಡನೆಯ ಪ್ರಕರಣಗಳನ್ನು ಮಾತ್ರ ಹೊರಗಿಟ್ಟಿತ್ತು. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479, ಮೊದಲ ಬಾರಿಯ ಆರೋಪಿಗೆ ಮೂರನೇ ಒಂದು ಭಾಗ ಕಳೆದರೆ ಸಾಕು ಎಂದು ಸಡಿಲಿಸಿತು. ಆದರೆ ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳನ್ನೂ ಹೊರಗಿಟ್ಟಿತು, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರನ್ನೂ ಹೊರಗಿಟ್ಟಿತು. ಹಾಗಾಗಿ ಬ್ಯಾಂಕ್ ಹಗರಣದ ಆರೋಪಿಯ ಮೇಲೆ 316(5) ಇದ್ದರೆ ಆ ಬಾಗಿಲು ಮುಚ್ಚಿದೆ.

ತೊಂಬತ್ತು ದಿನ ಎಂಬುದು ದೊಡ್ಡ ಅವಧಿಯಂತೆ ಕಾಣುತ್ತದೆ. ಸಾವಿರಾರು ಖಾತೆಗಳಿರುವ ಬ್ಯಾಂಕಿನ ಲೆಕ್ಕ ಜಾಲಾಡಲು ಅದು ಸಾಲುವುದಿಲ್ಲ ಎಂಬುದೂ ನಿಜ. ಆದರೆ 91ನೇ ದಿನ ದೋಷಾರೋಪ ಪಟ್ಟಿ ಸಲ್ಲಿಕೆಯಾಗದೆ ಆರೋಪಿ ಅರ್ಜಿ ಹಾಕಿ ಭದ್ರತೆ ಒದಗಿಸಿದರೆ, ನ್ಯಾಯಾಲಯಕ್ಕೆ ಆಯ್ಕೆಯೇ ಇಲ್ಲ, ಬಿಡಲೇಬೇಕು. ಎಷ್ಟು ಕೋಟಿ ಹೋಗಿದೆ, ಎಷ್ಟು ಮಂದಿ ಬೀದಿಗೆ ಬಿದ್ದಿದ್ದಾರೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಡಿಫಾಲ್ಟ್ ಜಾಮೀನು ಎಂದು ಕರೆಯುವುದು ಇದನ್ನೇ. ಇದು ಆರೋಪಿಗೆ ನ್ಯಾಯಾಲಯ ತೋರಿದ ದಯೆಯಲ್ಲ, ತನಿಖೆ ಗಡುವು ಮೀರಿದ್ದರ ಫಲ. ಪತ್ರಿಕೆಗಳು ಬರೆಯುವಾಗ ಸಾಮಾನ್ಯ ಜಾಮೀನನ್ನೂ ಇದನ್ನೂ ಒಂದೇ ಶೀರ್ಷಿಕೆಯಲ್ಲಿ ಸೇರಿಸಿಬಿಡುತ್ತವೆ. ಠೇವಣಿದಾರರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಯಾವ ಬಗೆಯ ಜಾಮೀನು ಸಿಕ್ಕಿತು? ಡಿಫಾಲ್ಟ್ ಆಗಿದ್ದರೆ ಮುಂದಿನ ಮನವಿ ಹೋಗಬೇಕಾದದ್ದು ಪೊಲೀಸ್ ವರಿಷ್ಠಾಧಿಕಾರಿಯ ಬಳಿಗೆ.

ಬಂಧನದ ಕ್ರಮದಲ್ಲೂ ಇಂಥದ್ದೇ ಎಡವಟ್ಟು ಆಗುತ್ತದೆ. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಬೇಕು ಎಂದು ಇ.ಡಿ. ಪ್ರಕರಣವೊಂದರಲ್ಲಿ, 2023ರ ಪಂಕಜ್ ಬನ್ಸಲ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ಕಾರಣ ತಿಳಿಸದ ಬಂಧನ ಸಂವಿಧಾನಬಾಹಿರ, ಅಂಥ ಆರೋಪಿಯನ್ನು ಬಿಡಬೇಕು ಎಂದು 2025ರ ಫೆಬ್ರುವರಿಯ ವಿಹಾನ್ ಕುಮಾರ್ ತೀರ್ಪು ಸಾಮಾನ್ಯ ಪ್ರಕರಣಗಳಿಗೂ ಸ್ಪಷ್ಟಪಡಿಸಿತು. ಒಂದು ಪುಟ ಬರೆದುಕೊಡದೆ ಹೋದದ್ದಕ್ಕೆ ಕೋಟಿಗಟ್ಟಲೆ ರೂಪಾಯಿಯ ಪ್ರಕರಣದ ಆರೋಪಿ ಹೊರಬಂದರೆ ಅದರ ಹೊಣೆ ಠಾಣೆಯದ್ದು.

ಇ.ಡಿ. ಪ್ರವೇಶಿಸಿದ ಪ್ರಕರಣಗಳ ಲೆಕ್ಕ ಬೇರೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಸೆಕ್ಷನ್ 45 ಎರಡು ಷರತ್ತು ಹಾಕುತ್ತದೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಇವನ್ನು ರದ್ದುಪಡಿಸಿತ್ತು. ಸಂಸತ್ತು ಮರುವರ್ಷ ತಿದ್ದುಪಡಿ ತಂದಿತು, 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು ಅವನ್ನು ಎತ್ತಿಹಿಡಿಯಿತು. ಇಷ್ಟು ಎತ್ತರದ ಗೋಡೆ ಕಟ್ಟಿದ ಮೇಲೆ ವಿಚಾರಣೆ ಬೇಗ ನಡೆಯಬೇಕಿತ್ತು. ನಡೆಯಲಿಲ್ಲ. 2024ರ ಆಗಸ್ಟ್‌ನಲ್ಲಿ ಮನೀಷ್ ಸಿಸೋಡಿಯಾ ಅವರಿಗೆ, ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಸೆಂಥಿಲ್ ಬಾಲಾಜಿ ಅವರಿಗೆ ಜಾಮೀನು ಕೊಡುವಾಗ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಜಾಮೀನಿಗೆ ಕಠಿಣ ಷರತ್ತು ಮತ್ತು ಕೊನೆಯಿಲ್ಲದ ವಿಚಾರಣೆ ಎರಡೂ ಒಟ್ಟಿಗೆ ಇರಲಾಗದು. ಆ ಸಾಲಿನಲ್ಲೇ ಡಿಸೆಂಬರ್‌ನಲ್ಲಿ ಕರುವನ್ನೂರಿನ ಇಬ್ಬರು ಹೊರಬಂದರು.

ಕರುವನ್ನೂರಿನ ಜಾಮೀನು ತಪ್ಪೇ? ನನ್ನ ದೃಷ್ಟಿಯಲ್ಲಿ ಅಲ್ಲ. ದಾಖಲೆಗಳು ವಶದಲ್ಲಿವೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ, ಆರೋಪಿಗಳ ಸಂಖ್ಯೆ 50ಕ್ಕೂ ಹೆಚ್ಚು, ಸಾವಿರಾರು ಪುಟಗಳ ಕಡತ. ವಿಚಾರಣೆ ಯಾವಾಗ ಮುಗಿಯುತ್ತದೆಂದು ಯಾರೂ ಹೇಳಲಾಗದ ಸ್ಥಿತಿಯಲ್ಲಿ, ಶಿಕ್ಷೆಯಾಗದ ಮನುಷ್ಯನನ್ನು ವರ್ಷಗಟ್ಟಲೆ ಒಳಗಿಡುವುದು ನ್ಯಾಯವಲ್ಲ. ಆದರೆ ಇದೇ ತರ್ಕವನ್ನು ಬಂಧನವಾದ ಎರಡನೇ ವಾರಕ್ಕೆ, ಇನ್ನೂ ಲೆಡ್ಜರ್‌ಗಳು ಪತ್ತೆಯಾಗದಿರುವಾಗ, ಉಳಿದ ನಿರ್ದೇಶಕರು ತಲೆಮರೆಸಿಕೊಂಡಿರುವಾಗ ಬಳಸಿದರೆ ನಾನು ಒಪ್ಪುವುದಿಲ್ಲ. ಬ್ಯಾಂಕಿನ ಅಧ್ಯಕ್ಷರೆಂದರೆ ಆ ಊರಿನಲ್ಲಿ ಬರೀ ಆರೋಪಿಯಲ್ಲ. ಸಾಕ್ಷಿ ಹೇಳಬೇಕಾದ ಗುಮಾಸ್ತನಿಗೆ ಕೆಲಸ ಕೊಡಿಸಿದವರು, ಸಾಲಗಾರನ ನೆಂಟರು, ಜಾತಿ ಸಂಘದ ಪದಾಧಿಕಾರಿ, ಎಷ್ಟೋ ಸಲ ಶಾಸಕರ ಆಪ್ತರು. ಅಂಥವರಿಗೆ ಆರಂಭದ ವಾರಗಳಲ್ಲೇ ನಿರೀಕ್ಷಣಾ ಜಾಮೀನು ಸಿಕ್ಕರೆ ತನಿಖೆಯ ಬೆನ್ನೆಲುಬು ಮುರಿಯುತ್ತದೆ.

ಇಲ್ಲಿಯೇ ಇನ್ನೊಂದು ಅಸಮಾನತೆಯನ್ನೂ ಹೇಳಬೇಕು. ಹಗರಣ ಬಯಲಾದಾಗ ಮೊದಲು ಕೈಗೆ ಸಿಗುವವರು ಕ್ಯಾಷಿಯರ್, ಪಿಗ್ಮಿ ಸಂಗ್ರಹಕಾರ, ಚಿನ್ನ ಪರೀಕ್ಷಿಸುವ ಅಪ್ರೈಸರ್. ಸಾಲ ಮಂಜೂರು ಮಾಡಿದ ನಿರ್ದೇಶಕ ಮಂಡಳಿ ಠರಾವಿನ ಹಿಂದೆ ಕುಳಿತಿರುತ್ತದೆ. ‘ಕಚೇರಿ ಟಿಪ್ಪಣಿಯ ಆಧಾರದ ಮೇಲೆ ಸಹಿ ಮಾಡಿದೆವು’ ಎಂಬ ಒಂದೇ ವಾಕ್ಯ ಅವರ ರಕ್ಷಣೆ. ಕೆಳಗಿನ ನೌಕರನಿಗೆ ಜಾಮೀನು ಸಿಕ್ಕರೂ ಇಬ್ಬರು ಜಾಮೀನುದಾರರನ್ನು ಹೊಂದಿಸಲಾಗದೆ ಒಳಗೇ ಉಳಿಯುವುದಿದೆ. ಆದೇಶವಾಗಿ ಒಂದು ತಿಂಗಳೊಳಗೆ ಭದ್ರತೆ ಒದಗಿಸಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸೂಚಿಸಬೇಕಾಯಿತು. ಶಿವಮೊಗ್ಗ ಡಿಸಿಸಿ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಚಿನ್ನವಿಟ್ಟು 62 ಕೋಟಿ ರೂಪಾಯಿಗೂ ಹೆಚ್ಚು ಸಾಲ ಎತ್ತಿದ ಹಗರಣ ಹೊರಬಿದ್ದದ್ದು 2014ರಲ್ಲಿ. ಅದೇ ಪ್ರಕರಣದ ಜಾಡಿನಲ್ಲಿ ಇ.ಡಿ. ಬ್ಯಾಂಕಿನ ಅಧ್ಯಕ್ಷರನ್ನು ಬಂಧಿಸಿದ್ದು 2025ರ ಏಪ್ರಿಲ್‌ನಲ್ಲಿ. ಆರೋಪ ಸಾಬೀತಾಗುವುದೋ ಇಲ್ಲವೋ ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಡುವೆ ಸರಿದುಹೋದ 11 ವರ್ಷಕ್ಕೆ ಉತ್ತರ ಕೊಡಬೇಕಾದವರು ಮಾತ್ರ ಯಾರೂ ಮುಂದೆ ಬಂದಿಲ್ಲ.

ಠೇವಣಿದಾರರು ಸಾಮಾನ್ಯವಾಗಿ ಮುಂದಿಡುವ ಬೇಡಿಕೆ ಒಂದಿದೆ: ಆರೋಪಿ ಹಣ ಕಟ್ಟಲಿ, ಆಮೇಲೆ ಜಾಮೀನು ಕೊಡಿ. ಕೇಳಲು ನ್ಯಾಯವಾಗಿದೆ. ಅನೇಕ ನ್ಯಾಯಾಲಯಗಳೂ ಹೀಗೆ ಮಾಡುತ್ತಿದ್ದವು. ಇಷ್ಟು ಲಕ್ಷ ಕಟ್ಟುತ್ತೇನೆ ಎಂದು ಆರೋಪಿಯ ವಕೀಲರು ಮುಚ್ಚಳಿಕೆ ಕೊಡುವುದು, ಅದನ್ನು ದಾಖಲಿಸಿ ಜಾಮೀನು ಕೊಡುವುದು ರೂಢಿಯಾಗಿತ್ತು. 2023ರ ಜುಲೈನಲ್ಲಿ ರಮೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಕ್ರಿಮಿನಲ್ ಪ್ರಕ್ರಿಯೆ ಸಾಲ ವಸೂಲಿಯ ದಾರಿಯಲ್ಲ ಎಂದಿತು. 2025ರ ಜುಲೈನಲ್ಲಿ ಮಹಾರಾಷ್ಟ್ರದ ಗಜಾನನ ದತ್ತಾತ್ರೇಯ ಗೋರೆ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಹಣ ಕಟ್ಟುವ ಮುಚ್ಚಳಿಕೆಯ ಆಧಾರದ ಮೇಲೆ ಹೈಕೋರ್ಟ್‌ಗಳಾಗಲಿ ವಿಚಾರಣಾ ನ್ಯಾಯಾಲಯಗಳಾಗಲಿ ಜಾಮೀನು ಕೊಡಬಾರದು, ಅರ್ಜಿಯನ್ನು ಅದರ ಯೋಗ್ಯತೆಯ ಮೇಲೆಯೇ ತೀರ್ಮಾನಿಸಬೇಕು ಎಂದು ನಿರ್ದೇಶಿಸಿತು. ಹಣ ಕಟ್ಟುವುದಾಗಿ ಹೇಳಿ ಹೊರಬಂದು, ನಂತರ ಆ ಷರತ್ತನ್ನೇ ಪ್ರಶ್ನಿಸುವ ಚಾಳಿ ಅದಕ್ಕೆ ಕಾರಣ.

ಈ ತೀರ್ಪುಗಳು ಠೇವಣಿದಾರರಿಗೆ ಕಹಿಯಾದರೂ ನನಗೆ ಸರಿಯೆನಿಸುತ್ತವೆ. ಹಣಕ್ಕೆ ಜಾಮೀನು ಎಂಬ ಪದ್ಧತಿಯಲ್ಲಿ ಲಾಭ ದೊಡ್ಡ ಕಳ್ಳನಿಗೆ. ನೂರು ಕೋಟಿ ನುಂಗಿದ ಆರೋಪವಿರುವವರು ಅದರಲ್ಲೇ ಒಂದು ಕೋಟಿ ತೆಗೆದು ಕಟ್ಟಿ ಮನೆಗೆ ಹೋಗಬಹುದು. ಎರಡು ಲಕ್ಷದ ಲೆಕ್ಕ ತಪ್ಪಿದ ಕ್ಯಾಷಿಯರ್ ಕಟ್ಟಲಾರ, ಒಳಗಿರುತ್ತಾನೆ. ಹಣ ವಾಪಸು ತರಲು ಬೇರೆ ದಾರಿಗಳಿವೆ, ಅವು ಸರಿಯಾಗಿ ಬಳಕೆಯಾಗುತ್ತಿಲ್ಲ ಎಂಬುದೇ ಸಮಸ್ಯೆ.

ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಕಥೆ ಕನ್ನಡ ಓದುಗರಿಗೆ ಗೊತ್ತಿರುವುದೇ. 2020ರ ಜನವರಿ 10ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಒಬ್ಬ ಖಾತೆದಾರ ತೆಗೆಯಬಹುದಾದದ್ದು 35 ಸಾವಿರ ರೂಪಾಯಿ ಮಾತ್ರ ಎಂದಿತು. ಠೇವಣಿದಾರರಲ್ಲಿ ನಿವೃತ್ತರು, ಪಿಂಚಣಿಯ ಹಣದ ಬಡ್ಡಿಯಲ್ಲಿ ಔಷಧಿ ಕೊಳ್ಳುವವರು ಬಹಳ ಮಂದಿ. ಮರುತಿಂಗಳೇ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ನಂತರ, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮಾ ಹಣ ಕೊಡುವ ವ್ಯವಸ್ಥೆಯೂ ಬಂತು. ಸಣ್ಣ ಠೇವಣಿದಾರರು ಸ್ವಲ್ಪ ಉಸಿರಾಡಿದರು. ಮನೆ ಮಾರಿದ ಹಣ, ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಟ್ಟವರಿಗೆ 5 ಲಕ್ಷದಾಚೆಯ ಮೊತ್ತ ಇನ್ನೂ ಕಾಗದದ ಮೇಲಿನ ಅಂಕೆ.

ಈ ವಿಮೆ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗೆ ಇದು ಇಲ್ಲ. ಕರುವನ್ನೂರಿನ ಹೆಸರಿನಲ್ಲಿ ‘ಬ್ಯಾಂಕ್’ ಇದ್ದರೂ ಅದೂ ಪತ್ತಿನ ಸಂಘದ ಜಾತಿಗೆ ಸೇರಿದ್ದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ನಾಡು ನಮ್ಮದು. ಅಂಥ ನಾಡಿನಲ್ಲಿ ಸಂಘದ ಠೇವಣಿಗೆ ಇಂದಿಗೂ ವಿಮೆಯ ಆಸರೆ ಇಲ್ಲದಿರುವುದು ನೋವಿನ ಸಂಗತಿ. ಇಂಥ ಕಡೆ ಹಣ ಕಳೆದುಕೊಂಡವರಿಗೆ ಆರೋಪಿಯ ಆಸ್ತಿಯೇ ಉಳಿದಿರುವ ಒಂದೇ ಮೂಲ.

ಆ ಆಸ್ತಿಯನ್ನು ಹಿಡಿಯಲು ಕಾನೂನು ಕಡಿಮೆಯಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಸೆಕ್ಷನ್ 64ರ ಅಡಿ ವಿಚಾರಣೆ ನಡೆಸಿ, 69ರ ಅಡಿ, ಇಲಾಖೆಯವರು ಸರ್ಚಾರ್ಜ್ ಎಂದು ಕರೆಯುವ ಕ್ರಮದಲ್ಲಿ, ನಷ್ಟಕ್ಕೆ ಕಾರಣರಾದ ನಿರ್ದೇಶಕರಿಂದಲೂ ನೌಕರರಿಂದಲೂ ವೈಯಕ್ತಿಕವಾಗಿ ವಸೂಲಿ ಮಾಡಬಹುದು. ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ, ಐಎಂಎ ಪ್ರಕರಣದಲ್ಲಿ ಬಳಕೆಯಾದದ್ದು, ಅನ್ವಯವಾಗುವ ಪ್ರಕರಣಗಳಲ್ಲಿ ಸಕ್ಷಮ ಪ್ರಾಧಿಕಾರದ ಮೂಲಕ ಆಸ್ತಿ ಜಪ್ತಿ ಮಾಡಿ ಹಂಚಲು ಅವಕಾಶ ಕೊಡುತ್ತದೆ. ಇ.ಡಿ. ಮುಟ್ಟುಗೋಲು ಹಾಕಿದ ಆಸ್ತಿಯನ್ನು ವಿಚಾರಣೆ ಮುಗಿಯುವ ಮೊದಲೇ ನಷ್ಟಕ್ಕೊಳಗಾದವರಿಗೆ ಮರಳಿಸಲು ವಿಶೇಷ ನ್ಯಾಯಾಲಯಕ್ಕೆ ಅಧಿಕಾರವಿದೆ. ಇವೆಲ್ಲಕ್ಕಿಂತ ಹೊಸದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 107. ತನಿಖಾಧಿಕಾರಿ ಎಸ್‌ಪಿ ಅಥವಾ ಕಮಿಷನರ್ ಅನುಮೋದನೆ ಪಡೆದು ಅರ್ಜಿ ಹಾಕಿದರೆ ನ್ಯಾಯಾಲಯ 14 ದಿನದ ನೋಟಿಸು ಕೊಟ್ಟು ಆಸ್ತಿ ಜಪ್ತಿಗೆ ಆದೇಶಿಸಬಹುದು. ಅಪರಾಧದಿಂದ ಬಂದ ಆಸ್ತಿ ಎಂದು ಕಂಡುಬಂದರೆ ಅದನ್ನು ಸಂತ್ರಸ್ತರಿಗೆ ಅವರವರ ನಷ್ಟದ ಪ್ರಮಾಣದಲ್ಲಿ ಹಂಚುವಂತೆ ಜಿಲ್ಲಾ ದಂಡಾಧಿಕಾರಿಗೆ ಹೇಳಬಹುದು, ಅದಕ್ಕೆ 60 ದಿನದ ಗಡುವೂ ಇದೆ. ಇದಕ್ಕಾಗಿ ಶಿಕ್ಷೆ ಆಗುವವರೆಗೆ ಕಾಯಬೇಕಿಲ್ಲ. ನಿಮ್ಮ ಪ್ರಕರಣದಲ್ಲಿ 107ರ ಅರ್ಜಿ ಹಾಕಿದ್ದೀರಾ ಎಂದು ತನಿಖಾಧಿಕಾರಿಯನ್ನು ಕೇಳಿದ ಠೇವಣಿದಾರರ ಸಂಘಗಳು ಎಷ್ಟಿವೆಯೋ! ಜಾಮೀನು ವಿರೋಧಿಸಿ ಧರಣಿ ಕೂರುವ ಶ್ರಮದಲ್ಲಿ ಅರ್ಧದಷ್ಟನ್ನು ಈ ಒಂದು ಪ್ರಶ್ನೆಗೆ ಹಾಕಿದರೆ ಹೆಚ್ಚು ಫಲ ಸಿಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ವಿಚಾರಣೆಯ ವೇಗದ ವಿಷಯಕ್ಕೆ ನಾಗಪುರ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನ ಪ್ರಕರಣವನ್ನು ನೋಡಿ. ಸರ್ಕಾರಿ ಭದ್ರತಾ ಪತ್ರಗಳಲ್ಲಿ ಹೂಡುವ ಹೆಸರಿನಲ್ಲಿ ಖಾಸಗಿ ದಲ್ಲಾಳಿ ಕಂಪನಿಗಳಿಗೆ ಹೋದ ಸುಮಾರು 150 ಕೋಟಿ ರೂಪಾಯಿ ಬ್ಯಾಂಕಿಗೆ ಮರಳಲಿಲ್ಲ. ಪ್ರಕರಣ ದಾಖಲಾದದ್ದು 2002ರಲ್ಲಿ. ಅಂದು ಬ್ಯಾಂಕಿನ ಅಧ್ಯಕ್ಷರಾಗಿದ್ದ, ಮುಂದೆ ಮಹಾರಾಷ್ಟ್ರದ ಸಚಿವರೂ ಆದ ಸುನಿಲ್ ಕೇದಾರ್ ಸೇರಿ ಆರು ಮಂದಿಗೆ 5 ವರ್ಷದ ಶಿಕ್ಷೆಯಾದದ್ದು 2023ರ ಡಿಸೆಂಬರ್ 22ರಂದು. ಕೇದಾರ್ ಶಾಸಕ ಸ್ಥಾನ ಕಳೆದುಕೊಂಡರು. 2024ರ ಜನವರಿ 9ರಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅವರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ ಬಾಕಿ ಇರುವಾಗ ಇಂಥ ಜಾಮೀನು ಕಾನೂನಿನಲ್ಲಿ ಅಪರೂಪವೇನಲ್ಲ. ಅಪರೂಪವಾಗಬೇಕಿದ್ದದ್ದು, ಆದರೆ ಸಾಮಾನ್ಯವಾಗಿಬಿಟ್ಟದ್ದು, ತೀರ್ಪಿಗೆ ಹಿಡಿದ 21 ವರ್ಷ. ಆ ಬ್ಯಾಂಕಿನಲ್ಲಿ ಹಣವಿಟ್ಟ ಎಷ್ಟು ರೈತರು ಆ ತೀರ್ಪನ್ನು ಕಾಣಲು ಬದುಕಿದ್ದರು? ಹದಿನೆಂಟು ದಿನದ ಜೈಲಿನ ಬಗ್ಗೆ ನಾವು ಆಡಿದ ಮಾತು ಹೆಚ್ಚು, ಇಪ್ಪತ್ತೊಂದು ವರ್ಷದ ಬಗ್ಗೆ ಆಡಿದ್ದು ಕಡಿಮೆ.

ಹಾಗಾದರೆ ಜಾಮೀನಿನ ಹಂತದಲ್ಲಿ ಠೇವಣಿದಾರರು ಸುಮ್ಮನೆ ಇರಬೇಕೇ? ಬೇಕಿಲ್ಲ. ಲಖಿಂಪುರ ಖೇರಿ ಪ್ರಕರಣದಲ್ಲಿ 2022ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ರದ್ದುಪಡಿಸಿ ಹೇಳಿದ ಮಾತು ಇಲ್ಲಿಗೂ ಒಪ್ಪುತ್ತದೆ: ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ, ಜಾಮೀನಿನ ವಿಚಾರಣೆಯಲ್ಲೂ, ಸಂತ್ರಸ್ತರಿಗೆ ತಮ್ಮ ಮಾತು ಕೇಳಿಸುವ ಹಕ್ಕಿದೆ. ಠೇವಣಿ ಕಳೆದುಕೊಂಡವರು ಸಂತ್ರಸ್ತರೇ. ವಕೀಲರ ಮೂಲಕ ಸರ್ಕಾರಿ ಅಭಿಯೋಜಕರಿಗೆ ನೆರವಾಗಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಆ ಆಕ್ಷೇಪಣೆಯಲ್ಲಿ ಕಣ್ಣೀರಿಗಿಂತ ಹೆಚ್ಚು ಕೆಲಸ ಮಾಡುವುದು ವಿವರ. ಯಾವ ದಾಖಲೆ ಇನ್ನೂ ಸಿಕ್ಕಿಲ್ಲ, ಯಾವ ನೌಕರನ ಮೇಲೆ ಒತ್ತಡ ಬಂದಿದೆ, ಯಾವ ಸಹ ಆರೋಪಿ ತಲೆಮರೆಸಿಕೊಂಡಿದ್ದಾನೆ, ಯಾವ ಆಸ್ತಿ ಯಾರ ಹೆಸರಿಗೆ ಯಾವಾಗ ಹೋಯಿತು. ಜಾಮೀನು ಕೊಡುವುದೇ ಆದರೆ ಯಾವ ಷರತ್ತು ಬೇಕು ಎಂಬುದನ್ನೂ ಕೇಳಬೇಕು: ಪಾಸ್‌ಪೋರ್ಟ್ ಒಪ್ಪಿಸುವುದು, ಬ್ಯಾಂಕಿನ ಕಟ್ಟಡಕ್ಕೆ ಕಾಲಿಡದಿರುವುದು, ಸಂಘದ ಚುನಾವಣೆಯ ಹೊತ್ತಿನಲ್ಲಿ ಸದಸ್ಯರನ್ನು ಭೇಟಿಯಾಗದಿರುವುದು, ಸ್ಥಿರಾಸ್ತಿಗಳ ಪಟ್ಟಿಯನ್ನು ಪ್ರಮಾಣಪತ್ರದೊಂದಿಗೆ ಸಲ್ಲಿಸುವುದು, ನ್ಯಾಯಾಲಯದ ಅನುಮತಿಯಿಲ್ಲದೆ ಅವನ್ನು ಮಾರದಿರುವುದು. ಹಣ ಕಟ್ಟಿ ಎಂಬ ಷರತ್ತಿಗೆ ಸುಪ್ರೀಂ ಕೋರ್ಟಿನ ತಡೆ ಇದೆ. ಆಸ್ತಿ ಕರಗಿಸಬೇಡಿ ಎಂಬುದು ಅದಕ್ಕಿಂತ ಬೇರೆಯದೇ ಬೇಡಿಕೆ.

ಕೊಟ್ಟ ಜಾಮೀನನ್ನು ರದ್ದು ಮಾಡಿಸುವುದು ಕಷ್ಟದ ಕೆಲಸ. 1994ರ ದೌಲತ್ ರಾಮ್ ತೀರ್ಪಿನಿಂದ ಈಚೆಗೆ, ಜಾಮೀನು ನಿರಾಕರಿಸಲು ಸಾಕಾಗುವ ಕಾರಣ ರದ್ದತಿಗೆ ಸಾಲದು. ಆರೋಪಿ ಹೊರಬಂದ ಮೇಲೆ ಏನಾದರೂ ಮಾಡಿರಬೇಕು, ಅದಕ್ಕೆ ಗಟ್ಟಿ ಆಧಾರ ಬೇಕು. ಕಾನೂನನ್ನು ಕಡೆಗಣಿಸಿ ಕೊಟ್ಟ ಆದೇಶವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬೇರೆ ಹಾದಿ. ಬಹುಪಾಲು ರದ್ದತಿ ಅರ್ಜಿಗಳು ಬಿದ್ದುಹೋಗುವುದು ಅವುಗಳಲ್ಲಿ ‘ಆರೋಪಿ ಪ್ರಭಾವಿ’ ಎಂಬ ಮಾತಿನ ಹೊರತು ಇನ್ನೇನೂ ಇಲ್ಲದಿರುವುದರಿಂದ. ಆರೋಪಿ ಜಾಮೀನಿನಲ್ಲಿರುವಾಗ ತನ್ನ ಅಥವಾ ಮನೆಯವರ ಹೆಸರಿನ ನಿವೇಶನ ಮಾರಿದರೆ ಅದು ಉಪನೋಂದಣಿ ಕಚೇರಿಯಲ್ಲಿ ದಾಖಲಾಗುತ್ತದೆ. ಆಸ್ತಿಯ ವಿವರ ಗೊತ್ತಿದ್ದವರು ಅದರ ಋಣಭಾರ ಪ್ರಮಾಣಪತ್ರವನ್ನು, ಜನ ಇ.ಸಿ. ಎನ್ನುವ ಕಾಗದವನ್ನು, ಕಾವೇರಿ ಜಾಲತಾಣದಿಂದ ತೆಗೆಸಬಹುದು. ಜಾಮೀನಿನ ನಂತರದ ದಿನಾಂಕದ ಕ್ರಯಪತ್ರ ಅದರಲ್ಲಿ ಕಂಡರೆ, ಆ ಹಾಳೆಯನ್ನು ಅಭಿಯೋಜಕರಿಗೂ ತನಿಖಾಧಿಕಾರಿಗೂ ಸ್ವೀಕೃತಿ ಪಡೆದು ಕೊಡಿ, 107ರ ಅರ್ಜಿಗೂ ರದ್ದತಿ ಅರ್ಜಿಗೂ ಅದನ್ನೇ ಲಗತ್ತಿಸಲು ಹೇಳಿ.